ಕಮಲಳದು ಬರೀ ಬಾಯಿಪಾಠ

ಅನುಮಾನಪಡುವುದಕ್ಕೆಂದೇ ಸಂಬಳ ಕೊಡುವ ಕೆಲಸಗಳು ಲೋಕದಲ್ಲಿ ಹೆಚ್ಚಿಲ್ಲ. ನನಗೆ ಗೊತ್ತಿರುವಂತೆ ಎರಡೇ. ಒಂದು ಪೊಲೀಸರದು, ಇನ್ನೊಂದು ಕರಡು ತಿದ್ದುವವರದು. ಪೊಲೀಸರಿಗಾದರೂ ಟೋಪಿ ತೆಗೆದು ಗೂಟಕ್ಕೆ ಹಾಕಿದ ಮೇಲೆ ಬಿಡುವುಂಟು, ನಮಗೆ ಅದೂ ಇಲ್ಲ. ಆಗ ನಾನು ದಾವಣಗೆರೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಿದ್ದೆ. ಲಗ್ನಪತ್ರಿಕೆ, ಗಿರಣಿಯ ನೋಟೀಸು, ನಾಟಕ ಕಂಪನಿಯ ಕರಪತ್ರ, ಕೆಮ್ಮಿನ ಔಷಧಿಯ ಚೀಟಿ, ಯಾವುದೇ ಇರಲಿ, ಯಂತ್ರಕ್ಕೆ ಹೋಗುವ ಮುನ್ನ ನನ್ನ ಮೇಜಿಗೆ ಬರಬೇಕು. ಒಂದೊಂದು ಅಕ್ಷರವನ್ನೂ ಕಳ್ಳನನ್ನು ನೋಡಿದಂತೆ ನೋಡಿ, ಕೊನೆಗೆ ಕೆಳಗೆ ಪೆನ್ಸಿಲಿನಿಂದ 'ಸರಿಯಿದೆ' ಎಂದು ಬರೆದು ರುಜು ಹಾಕುತ್ತಿದ್ದೆ. ಆ ಒಂದು ಮಾತಿಲ್ಲದೆ ಯಂತ್ರ ತಿರುಗುವಂತಿರಲಿಲ್ಲ. ಮಾಲೀಕರು ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವ್ರ ಕಣ್ಣು ತಪ್ಪಿಸಿ ಒಂದು ಸೊನ್ನಿ ಸೈತ ಹೋಗಂಗಿಲ್ಲ ನೋಡ್ರಿ" ಎನ್ನುತ್ತಿದ್ದರು. ನಾನು ಕೇಳಿಸದವನಂತೆ ತಲೆ ತಗ್ಗಿಸಿ ಕೂತು, ಮತ್ತೊಮ್ಮೆ ಹೇಳಲಿ ಎಂದು ಕಾಯುತ್ತಿದ್ದೆ.

ಈ ಅಭ್ಯಾಸ ಮನೆಗೂ ಬಂತು. ಹಾಲಿನಲ್ಲಿ ನೀರಿನ ಅನುಮಾನ, ನೀರಿನಲ್ಲಿ ಪಾಚಿಯ ಅನುಮಾನ, ಮಂಡಕ್ಕಿಯ ಜೊತೆ ಕಟ್ಟಿಸಿಕೊಂಡು ಬಂದ ಮೆಣಸಿನಕಾಯಿ ಬಜ್ಜಿ ನಿನ್ನೆಯದೇ ಎಂಬ ಅನುಮಾನ. ನನ್ನ ಹೆಂಡತಿ ಪಾರ್ವತಿ ನಗುತ್ತ ಮಾತಾಡಿದರೆ ಏನೋ ಒಡೆದಿರಬೇಕು ಎಂದುಕೊಳ್ಳುತ್ತಿದ್ದೆ, ಸುಮ್ಮನಿದ್ದರೆ ಏನೋ ಒಡೆದದ್ದು ಖಾತ್ರಿ ಎಂದುಕೊಳ್ಳುತ್ತಿದ್ದೆ. ಆದರೂ ಇವೆಲ್ಲ ಸಂಸಾರದಲ್ಲಿ ಸಾಗಿಹೋಗುವ ಮಾತುಗಳು. ನಾನು ನಿಜವಾಗಿ ಮುಖ ಉಳಿಸಿಕೊಳ್ಳಲಾಗದೆ ಹೋದದ್ದು ನನ್ನ ಮಗಳ ಮೇಲೆ ಅನುಮಾನಪಟ್ಟು. ಅವಳಿಗೆ ಆಗ ಆರು ವರ್ಷ.

ಕಮಲ ಒಂದನೇ ಕ್ಲಾಸಿನಲ್ಲಿದ್ದಳು. ಆನೆಕೊಂಡದ ನಮ್ಮ ಮನೆಯಿಂದ ಶಾಲೆಗೆ ಕೂಗಳತೆಯ ದೂರ. ಅಕ್ಷರಗಳನ್ನೆಲ್ಲ ದಸರೆಯೊಳಗೇ ಕಲಿತುಬಿಟ್ಟಳು. ಅ ತೋರಿಸಿದರೆ ಅ, ಳ ತೋರಿಸಿದರೆ ಳ. ಕಾಗುಣಿತವನ್ನೂ ರಾಗವಾಗಿ ಹೇಳುವಳು. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ನಾನು ಹೆಮ್ಮೆಯಿಂದ ಪಠ್ಯಪುಸ್ತಕ ತೆರೆದು ಒಂದು ಪದದ ಮೇಲೆ ಬೆರಳಿಟ್ಟೆ. ಬಸವ. ಅವಳು "ಬ, ಸ, ವ" ಎಂದಳು. "ಕೂಡಿಸಿ ಹೇಳು, ಏನಾಯಿತು?" ಎಂದೆ. ಕಮಲ ಬೆರಳು ಮಡಿಸಿ ಎಣಿಸಿ, "ಮೂರು ಅಕ್ಷರ ಆತು" ಎಂದಳು.

ಉತ್ತರದಲ್ಲಿ ತಪ್ಪು ಹುಡುಕುವಂತಿರಲಿಲ್ಲ. "ಹಾಗಲ್ಲ, ಬೇಗ ಬೇಗ ಹೇಳು" ಎಂದೆ. ಬಸವ ಬಸವ ಎಂದು ಬರಬೇಕಾದ್ದು, ಬ ಸ ವ ಬ ಸ ವ ಎಂದು ರೈಲು ಓಡಿದಂತೆ ಬಂತು. ಇನ್ನೊಂದು ಪುಟದಲ್ಲಿ ಒಂದು ತಟ್ಟೆಯ ಚಿತ್ರ, ಅದರ ಕೆಳಗೆ 'ಊಟ' ಎಂದಿತ್ತು. "ಊ, ಟ" ಎಂದು ಎರಡನ್ನೂ ಸ್ಪಷ್ಟವಾಗಿ ಹೇಳಿ, ಉಸಿರೆಳೆದುಕೊಂಡು, ಗಟ್ಟಿಯಾಗಿ "ರೊಟ್ಟಿ!" ಎಂದಳು. ಆನೆಯ ಚಿತ್ರದ ಕೆಳಗೆ "ಆ, ನೆ" ಎಂದವಳು "ಆನೆಕೊಂಡ!" ಎಂದು ತನ್ನ ವಿಳಾಸವನ್ನೇ ಕೊಟ್ಟಳು.

ನನ್ನ ಕಾಲದಲ್ಲೂ ಇದೇ ಕಥೆ ಎಂದು ಒಪ್ಪಿಕೊಳ್ಳಬೇಕು. ನಾನು ಓದು ಕಲಿತದ್ದು ಒಬ್ಬ ಮುಂಗೋಪದ ಮಾಸ್ತರರ ಹತ್ತಿರ. ಒಂದು ದಿನ ಬೋರ್ಡಿನ ಮೇಲೆ ರ ಬರೆದು ನನ್ನ ಕಡೆ ತಿರುಗಿ, "ಗುಡಿಸು!" ಎಂದು ಗುಡುಗಿದರು. ನಾನು ಮೂಲೆಯಲ್ಲಿದ್ದ ಪೊರಕೆ ತಂದು ಇಡೀ ಕೋಣೆ ಗುಡಿಸಿದೆ. ಅಕ್ಷರದ ತಲೆಯ ಮೇಲಿನ ಸುಳಿಗೂ ಕಸಕ್ಕೂ ಒಂದೇ ಮಾತು ಇಟ್ಟವರು ಯಾರೋ, ಅವರಿಗೆ ಬೀಳಬೇಕಾದ ಪೆಟ್ಟುಗಳನ್ನು ನಾನು ತಿಂದೆ. ಮರುದಿನ ಅವರು "ಇಳಿ!" ಎಂದಾಗ ಬೆಂಚಿನಿಂದ ಇಳಿದು ನಿಂತೆ. ಕೊಂಬಿನ ಪಾಠದ ದಿನ ಜ್ವರ ಬಂದು ಬಚಾವಾದೆ. ಇಂಥ ನಾನು ಈಗ ಕನ್ನಡದ ಅಕ್ಷರಗಳಿಗೆ ಕಾವಲುಗಾರ.

ಕಮಲಳ ಟೀಚರಮ್ಮ ಮುಂಗೋಪದವರಲ್ಲ, ಅದೇ ನನಗೆ ಮೊದಲ ಅನುಮಾನ. ಇನ್ನೂ ಚಿಕ್ಕ ವಯಸ್ಸು, ಕೈಯಲ್ಲಿ ಬೆತ್ತವಿಲ್ಲ. ಅದರ ಬದಲು ರಟ್ಟಿನ ಚೂರುಗಳು. ಒಂದೊಂದರ ಮೇಲೆ ಒಂದೊಂದು ಅಕ್ಷರ. ಒಂದು ದಿನ ಕಿಟಕಿಯಿಂದ ಇಣುಕಿ ನೋಡಿದೆ. ಮ ಮೇಜಿನ ಒಂದು ತುದಿಗೆ, ರ ಇನ್ನೊಂದು ತುದಿಗೆ. ಎರಡನ್ನೂ ಮೆಲ್ಲಗೆ ಹತ್ತಿರಕ್ಕೆ ಸರಿಸುತ್ತಾರೆ. ಮಕ್ಕಳು ಮ ಎಂದು ಎಳೆಯುತ್ತ ಎಳೆಯುತ್ತ, ರಟ್ಟು ರಟ್ಟಿಗೆ ತಾಗಿದ ಕೂಡಲೇ "ಮರ!" ಎಂದು ಕೂಗುತ್ತಾರೆ. ಪಾಠವೋ ಇಸ್ಪೀಟೋ ತಿಳಿಯಲಿಲ್ಲ. ಮನೆಗೆ ಬಂದು ಪಾರ್ವತಿಗೆ ಹೇಳಿದೆ. "ಮಕ್ಕಳು ನಕ್ಕೊಂತ ಕಲಿತರ ನಿಮಗೇನ್ ಕಷ್ಟ?" ಎಂದಳು. ನಕ್ಕು ಕಲಿತದ್ದು ನಿಲ್ಲುತ್ತದೆಯೇ ಎಂಬುದೇ ನನ್ನ ಕಷ್ಟ.

ನಾನೂ ಒಂದು ಕೈ ನೋಡೋಣ ಎಂದು ಅಚ್ಚುಕೂಟದಿಂದ ಸವೆದು ಬಿಸಾಡಿದ ಹತ್ತಿಪ್ಪತ್ತು ಅಚ್ಚಿನ ಮೊಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ರಟ್ಟಿಗಿಂತ ಸೀಸ ಗಟ್ಟಿ ಎಂಬುದು ನನ್ನ ಲೆಕ್ಕಾಚಾರ. ಕಮಲ ಖುಷಿಯಿಂದ ಮೊಳೆಗಳನ್ನು ಜೋಡಿಸಿದಳು. ಅಚ್ಚಿನ ಮೊಳೆಯ ಮೇಲೆ ಅಕ್ಷರ ತಿರುಗುಮುರುಗಾಗಿರುತ್ತದೆ ಎಂಬುದು ಮೊಳೆಗಳ ನಡುವೆಯೇ ದಿನ ಕಳೆಯುವ ನನಗೆ ಹೊಳೆಯಲೇ ಇಲ್ಲ. ಎರಡು ದಿನ ಕಳೆದ ಮೇಲೆ ಟೀಚರಮ್ಮ ಹೇಳಿಕಳಿಸಿದ ಮಾತು ಬಂತು: "ಕಮಲ ಸ್ಲೇಟಿನ ಮ್ಯಾಲೆ ಎಲ್ಲಾ ಅಕ್ಷರ ಕನ್ನಡಿಯಾಗ ಕಂಡಂಗೆ ಬರೀತಾಳ, ಮನಿಯಾಗ ಯಾರಾರ ಏನಾರ ಹೇಳಿಕೊಡಾಕ ಹತ್ತ್ಯಾರೇನು?" ಯಾರೂ ಇಲ್ಲ ಎಂದು ಹೇಳಿಕಳಿಸಿ, ಮೊಳೆಗಳನ್ನು ಕರವಸ್ತ್ರದಲ್ಲೇ ವಾಪಸು ಒಯ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಮನೆಗೆ ಬಂದರೆ ಕಮಲ ಕಟ್ಟೆಯ ಮೇಲೆ ಕೂತು ಓದುತ್ತಿದ್ದಾಳೆ! "ಮರ. ಸರ. ಗರಗಸ. ನವಿಲು. ಕಮಲ." ಪಾರ್ವತಿ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಬೇರೆ ಯಾವ ತಂದೆಯಾದರೂ ಪೇಟೆಗೆ ಓಡಿ ಬೆಣ್ಣೆಬಿಸ್ಕತ್ತು ತರುತ್ತಿದ್ದ. ನಾನು ಚಪ್ಪಲಿ ಸಹ ಬಿಡದೆ ನಿಂತು ಯೋಚಿಸಿದೆ. ಮೊನ್ನೆಯವರೆಗೆ ಮೂರು ಅಕ್ಷರ ಆತು ಎನ್ನುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಗರಗಸ ಎಲ್ಲಿಂದ ಬಂತು? ಮೆಲ್ಲಗೆ ಹೋಗಿ ಪುಸ್ತಕ ಮುಚ್ಚಿದೆ. ಕಮಲ ನಿಲ್ಲಲಿಲ್ಲ. ಮುಚ್ಚಿದ ಪುಸ್ತಕದ ಮೇಲೆಯೇ ಬೆರಳಾಡಿಸುತ್ತ ಇನ್ನೂ ಎರಡು ಪುಟ ಓದಿದಳು. ಪುಸ್ತಕ ತಲೆಕೆಳಗಾಗಿ ಹಿಡಿದೆ. ಆಗಲೂ ಓದಿದಳು, ಕತ್ತು ಸಹ ವಾರೆ ಮಾಡಲಿಲ್ಲ.

"ನೋಡಿದೆಯಾ, ಬರೀ ಬಾಯಿಪಾಠ!" ಎಂದೆ ಪಾರ್ವತಿಗೆ.

"ಮಗಳ ಮ್ಯಾಲೆ ಪ್ರೂಫ್ ನೋಡಬ್ಯಾಡ್ರಿ" ಎಂದು ಅವಳು ಒಳಗೆ ಹೋದಳು.

ಆದರೆ ಪ್ರೂಫ್ ನೋಡುವವನು ನೋಡದೆ ಇರಲಾರ. ಯುಗಾದಿಯ ಹೊತ್ತಿಗೆ ಪದಗಳು ಹೋಗಿ ವಾಕ್ಯಗಳು ಬಂದವು, ನನಗೆ ಬೇಕಾದ ಸಾಕ್ಷಿಯೂ ಸಿಕ್ಕಿತು. ಪುಸ್ತಕದಲ್ಲಿ 'ಮರದ ಮೇಲೆ ಗಿಳಿ ಇದೆ' ಎಂದಿತ್ತು. ಕಮಲ ಅದರ ಮೇಲೆ ಬೆರಳಿಟ್ಟುಕೊಂಡೇ "ಮರದ ಮ್ಯಾಲೆ ಗಿಣಿ ಐತೆ" ಎಂದು ಓದಿದಳು. ಇನ್ನೊಮ್ಮೆ ಓದಿಸಿದೆ. ಇನ್ನೊಮ್ಮೆಯೂ ಐತೆ. ಮುಂದಿನ ಸಾಲಿನ 'ಬೇಡ' ಅವಳ ಬಾಯಲ್ಲಿ 'ಬ್ಯಾಡ'. ಅಚ್ಚಿನಲ್ಲಿ ಇ ಇದೆ, ದೆ ಇದೆ. ಐ ಎಲ್ಲಿದೆ, ತೆ ಎಲ್ಲಿದೆ? ಅಕ್ಷರ ನೋಡಿ ಓದುವವಳು ಇಲ್ಲದ ಅಕ್ಷರವನ್ನು ಹೇಗೆ ಓದಿಯಾಳು? ಕಳ್ಳ ಮಾಲುಸಮೇತ ಸಿಕ್ಕಂತಾಯಿತು. ಮರುದಿನವೇ ಅಚ್ಚುಕೂಟಕ್ಕೆ ಹೋಗುವ ಮೊದಲು ಪುಸ್ತಕ ಹಿಡಿದು ಶಾಲೆಗೆ ಹೋದೆ.

ಟೀಚರಮ್ಮ ಎಲ್ಲ ಕೇಳಿ ನಕ್ಕರು. "ಕೂಡ್ರಿ. ನಾನು ಕ್ಲಾಸಿನಾಗ 'ಇದೆ' ಅಂತ್ಲೇ ಹೇಳಿಕೊಟ್ಟೀನಿ. ಬಾಯಿಪಾಠ ಆಗಿದ್ರ ಆಕಿ 'ಇದೆ' ಅಂತ್ಲೇ ಒಪ್ಪಿಸ್ತಿದ್ಲು, ಹೌದಲ್ರಿ? ಆಕಿ ಓದ್ಯಾಳ, ಓದಿದ್ದು ತಿಳದೈತೆ, ತಿಳದಿದ್ದನ್ನ ತನ್ನ ಮಾತಿನಾಗ ಹೇಳ್ಯಾಳ. ಐತೆ ಅಂದಿದ್ದಕ್ಕ ನನಗ ಭಾಳ ಸಂತೋಷ ಆತು."

ಅವರ ಮಾತಿನಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಬಿರುಕಿಲ್ಲದ ಮಾತು ಕೇಳಿದರೆ ನನಗೆ ಅನುಮಾನ ಹೆಚ್ಚಾಗುತ್ತದೆ. "ಮುಚ್ಚಿದ ಪುಸ್ತಕ ಓದಿದಳಲ್ಲ?" ಎಂದೆ. "ಓದು ಬಂದ ಹೊಸದಾಗ ಎಲ್ಲಾ ಮಕ್ಕಳೂ ಹಂಗೇ ಆಡ್ತಾವ್ರಿ. ಓದಿ ಓದಿ ಬಾಯಿಗೂ ಬಂದಿರತೈತೆ" ಎಂದರು. ಕಮಲಳನ್ನು ಎರಡನೇ ಕ್ಲಾಸಿಗೆ ಹಾಕಬಾರದು, ಇನ್ನೊಂದು ವರ್ಷ ಇಲ್ಲೇ ಕೂರಿಸಬೇಕು ಎಂದು ನಾನು ಪಟ್ಟು ಹಿಡಿದೆ. ಅವರ ಮುಖದ ನಗೆ ಹೋಯಿತು. "ತಂದಿ ನೀವು. ನಿಮಗ ಹಂಗೇ ಅನಿಸಿದ್ರ ರಜಾ ಮುಗಿಸ್ಕೊಂಡು ಬಂದು ಬರದು ಕೊಡ್ರಿ. ಆದ್ರ ಅದಕ್ಕ ಮೊದ್ಲು ಆಕಿ ಓದಿದ್ದನ್ನ ಒಂದು ಸಲ ಸರಿಯಾಗಿ ಕೇಳ್ರಿ" ಎಂದರು.

ನಾನು ಅಂದೇ ಅಚ್ಚುಕೂಟದ ಕಾಗದದ ಚೂರಿನ ಮೇಲೆ ಬರೆದಿಟ್ಟೆ. ಮೊದಲ ಸಾಲು: ಕಮಲಳದು ಬರೀ ಬಾಯಿಪಾಠ. ಎರಡನೇ ಸಾಲು: ಇನ್ನೊಂದು ವರ್ಷ ಒಂದನೇ ತರಗತಿಯಲ್ಲಿಯೇ ಇಟ್ಟುಕೊಳ್ಳಬೇಕಾಗಿ ಪ್ರಾರ್ಥನೆ. ಎರಡು ಸಲ ಓದಿ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಈ ಸುದ್ದಿ ಮನೆಯಲ್ಲಿ ಹೇಗೋ ಕಮಲಳ ಕಿವಿಗೆ ಬಿತ್ತು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. ನಾನು ಊಟಕ್ಕೆ ಕೂತಾಗ ಪಕ್ಕದಲ್ಲಿ ಬಂದು ಕೂತು, "ಅಪ್ಪಾ, ಸರೋಜ ಎರಡನೇ ಕ್ಲಾಸಿಗೆ ಹೋದ್ರ ನಾನು ಯಾರ ಪಕ್ಕ ಕೂಡ್ಲಿ?" ಎಂದು ಕೇಳಿದಳು. ಸರೋಜ ಪಕ್ಕದ ಮನೆಯ ಹುಡುಗಿ, ಇಬ್ಬರದೂ ಒಂದೇ ಚಾಪೆ. ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಹಾಗೆಂದು ಚೀಟಿಯನ್ನು ಹರಿದು ಹಾಕಲಿಲ್ಲ. ನನ್ನ ಮಗಳಿಗೆ ಓದಲು ಬಂದಿದ್ದರೆ ನನಗಿಂತ ಹಿಗ್ಗುವವರಿಲ್ಲ, ಬಾರದೆ ಬಂದಂತೆ ಕಂಡು ಮುಂದೆ ಎಲ್ಲರೆದುರು ನಗೆಪಾಟಲಾದರೆ ಎಂಬ ಭಯ ನನ್ನದು. ಅನುಮಾನದ ಒಳಗೆ ಭಯವೇ ಇರುವುದು, ಇದು ಆಗ ನನಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಹರಿಹರದಿಂದ ಕೆಲಸ ಬಂತು. ಅಲ್ಲಿ ನನ್ನ ಅಕ್ಕ ಗಿರಿಜಕ್ಕನ ಮನೆ. ಅವಳ ಮೈದುನನ ಮದುವೆ, ಲಗ್ನಪತ್ರಿಕೆ ನಮ್ಮ ಅಚ್ಚುಕೂಟದಲ್ಲೇ ಆಗಬೇಕು, ಪ್ರೂಫ್ ನಾನೇ ನೋಡಬೇಕು ಎಂದು ಅವಳ ಮಾವನವರ ಅಪ್ಪಣೆ. ಅವರು ಹಳೇ ವ್ಯಾಪಾರಸ್ಥರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನಾನು ಮೂರು ಸಲ ಕರಡು ನೋಡಿ, 'ಸರಿಯಿದೆ' ಎಂದು ಬರೆದು ಎಂದಿಗಿಂತ ದೊಡ್ಡದಾಗಿ ರುಜು ಹಾಕಿದೆ. ಐನೂರು ಪತ್ರಿಕೆಗಳ ಕಟ್ಟು ಶನಿವಾರ ಸಂಜೆ ಮಸಿ ವಾಸನೆಯೊಂದಿಗೇ ಕೈಗೆ ಬಂತು. ಆಗ ನನಗೊಂದು ಉಪಾಯ ಹೊಳೆಯಿತು. ಈ ಪತ್ರಿಕೆಯನ್ನು ಲೋಕದಲ್ಲಿ ಇನ್ನೂ ಯಾರೂ ಓದಿಲ್ಲ. ಯಾರೂ ಓದಿಲ್ಲದ್ದನ್ನು ಯಾರೂ ಬಾಯಿಪಾಠ ಮಾಡಿರಲಾರರು. ಕಮಲಳನ್ನು ಕರೆದುಕೊಂಡು ಹೋಗಿ ಅಲ್ಲಿ ಎಲ್ಲರೆದುರು ಓದಿಸುವುದು. ಓದಿದರೆ ಚೀಟಿ ಹರಿಯುವುದು, ಇಲ್ಲದಿದ್ದರೆ ಸೋಮವಾರ ರಜೆ ಮುಗಿದು ಶಾಲೆ ತೆರೆದ ಕೂಡಲೇ ಚೀಟಿ ಕೊಡುವುದು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಹೊರಟೆವು. ಹರಿಹರದಲ್ಲಿ ಇಳಿದ ಕೂಡಲೇ ಕಮಲ ಸ್ಟೇಷನ್ನಿನ ಹಳದಿ ಬೋರ್ಡಿನ ಮುಂದೆ ನಿಂತು, "ಹ, ರ ಗುಡಿಸು ರಿ, ಹ, ರ. ಹರಿಹರ!" ಎಂದಳು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಬೆಳಗಿನಿಂದ ಹತ್ತು ಸಲ ಹೇಳಿದ್ದೆ. ಡಬ್ಬಿಯಲ್ಲಿದ್ದವರೆಲ್ಲ ಹರಿಹರ ಬಂತು ಎಂದು ಗಂಟುಮೂಟೆ ಎತ್ತಿಕೊಂಡಿದ್ದರು. ನಾನು ಆ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಕ್ಕನ ಮನೆಯಲ್ಲಿ ಪಡಸಾಲೆಯ ತುಂಬ ಜಮಖಾನ ಹಾಸಿ, ಬಟ್ಟಲಲ್ಲಿ ಅರಿಶಿನ ಕಲಸಿಟ್ಟುಕೊಂಡು ಕಾಯುತ್ತಿದ್ದರು. ಕಟ್ಟು ಬಿಚ್ಚಿದ್ದೇ ತಡ, ಹೆಂಗಸರು ಒಂದೊಂದು ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚತೊಡಗಿದರು. ಮಾವನವರು ಒಂದನ್ನು ಕೈಗೆತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿ, "ಭೇಷ್! ಮುತ್ತು ಪೋಣಿಸಿದಂಗ ಐತೆ" ಎಂದರು. ಭಾವ ಓದಿದರು, ಗಿರಿಜಕ್ಕ ಓದಿದಳು, ಮದುವೆಯ ಗಂಡು ನಾಚುತ್ತ ನಾಲ್ಕು ಸಲ ಓದಿದ. ಎಲ್ಲರೂ ನನ್ನನ್ನು ಹೊಗಳಿದರು. ಇದೇ ಸಮಯ ಎಂದು ಕಮಲಳನ್ನು ನಡುವೆ ಕೂರಿಸಿ, ಅವಳ ವಿಷಯವನ್ನೂ ಜೇಬಿನ ಚೀಟಿಯ ವಿಷಯವನ್ನೂ ಸಭೆಗೆ ತಿಳಿಸಿದೆ. "ಕೂಸಿಗೆ ಹಿಂಗ್ಯಾಕ ಕಾಡ್ತೀಯೋ?" ಎಂದಳು ಗಿರಿಜಕ್ಕ.

ಮೊದಲು ವಧುವಿನ ಹೆಸರಿನ ಮೇಲೆ ಬೆರಳಿಟ್ಟೆ. "ವಿ, ಮ, ಲಾ. ವಿಮಲಾ" ಎಂದಳು. ಮನೆಯಲ್ಲಿ ಬೆಳಗಿನಿಂದ ಎಲ್ಲರ ಬಾಯಲ್ಲೂ ವಿಮಲಾ ವಿಮಲಾ. ಇದೂ ಕೇಳಿದ್ದೇ ಇರಬೇಕು. ಹಾಗಾಗಿ ಒಂದು ಬಲೆ ಬೀಸಿದೆ. ಪತ್ರಿಕೆಯ ಕೆಳಗೆ ದಪ್ಪ ಅಕ್ಷರದಲ್ಲಿ ಊರಿನ ಹೆಸರು ಇತ್ತು. ಇವಳು ಈಗತಾನೇ ಸ್ಟೇಷನ್ನಿನಲ್ಲಿ ಅದೇ ಹೆಸರು ಹೇಳಿದವಳು. ಅಕ್ಷರ ನೋಡದೆ ತಟ್ಟನೆ ಹರಿಹರ ಎಂದುಬಿಟ್ಟಳೋ, ಸಿಕ್ಕಿಬಿದ್ದಳು. "ಇದನ್ನು ಓದು" ಎಂದೆ.

ಕಮಲ ತಟ್ಟನೆ ಹೇಳಲಿಲ್ಲ. ಬಗ್ಗಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಬಗ್ಗಿ, ಬೆರಳು ಸರಿಸುತ್ತ, "ಹ, ರ, ಹ, ರ" ಎಂದು ನಿಂತು, ಮೆಲ್ಲಗೆ "ಹರಹರ" ಎಂದಳು.

"ಕೇಳಿದಿರಾ!" ಎಂದು ನಾನು ಎದ್ದೇ ನಿಂತೆ. "ಎದುರಿಗಿರುವ ಊರಿನ ಹೆಸರು ಓದಲು ಬರುವುದಿಲ್ಲ. ಇವಳನ್ನು ಎರಡನೇ ಕ್ಲಾಸಿಗೆ ಹಾಕಬೇಕಂತೆ!"

ಕಮಲಳ ಕಣ್ಣು ತುಂಬಿ ಬಂತು. ಆದರೆ ಬೆರಳು ಅಲ್ಲಿಂದ ಕದಲಲಿಲ್ಲ. "ಗುಡಿಸು ಇಲ್ಲಪ್ಪಾ" ಎಂದಳು. "ಹರಿಹರ ಅನ್ನಾಕ ರ ಮ್ಯಾಲೆ ಗುಡಿಸು ಬೇಕು. ಸ್ಟೇಷನ್ನಿನಾಗ ಐತೆ. ಇಲ್ಲಿ ಇಲ್ಲ."

ಪಡಸಾಲೆಯಲ್ಲಿ ಅರಿಶಿನ ಹಚ್ಚುವ ಕೈಗಳೆಲ್ಲ ನಿಂತವು. ಮಾವನವರು ಕನ್ನಡಕ ಹಾಕಿಕೊಂಡರು. ನಾನು ಪತ್ರಿಕೆ ಕಿತ್ತುಕೊಂಡು ನೋಡಿದೆ. ಹರಿಹರ ಎಂದೇ ಕಂಡಿತು. ಇನ್ನೊಮ್ಮೆ ನೋಡಿದೆ. ಮೂರನೇ ಸಲ ಕಮಲಳ ಹಾಗೆ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದೆ. ಹ. ರ. ಹ. ರ. ಐನೂರು ಪತ್ರಿಕೆಯಲ್ಲಿ ಐನೂರು ಹರಹರ. ಮೂರು ಸಲ ಕರಡು ನೋಡಿದವನು ಮೂರು ಸಲವೂ ಅಲ್ಲಿ ಇಲ್ಲದ ಗುಡಿಸನ್ನು ಓದಿದ್ದೆ. ಹುಟ್ಟಿದಾಗಿನಿಂದ ಬಲ್ಲ ಊರು, ನೋಡುವುದೇನಿದೆ ಎಂದು ಕಣ್ಣು ಮುಂದೆ ಹೋಗಿ ಬಾಯಿ ಒಪ್ಪಿಸಿತ್ತು.

ಮಾವನವರು ಹೊಟ್ಟೆ ಕುಣಿಸಿ ನಗತೊಡಗಿದರು. "ನಾವು ಹರನ ಕಡೇರು, ಹರಹರ ಅಂತ ಅಚ್ಚಾದ್ರ ನಮಗೇನ್ ತ್ರಾಸಿಲ್ಲ ಬಿಡಪ್ಪ. ಆದ್ರ ಈ ಊರ ದೇವ್ರು ಅರ್ಧ ಹರಿ, ಅರ್ಧ ಹರ. ಹರೀನ್ನ ಬಿಟ್ಟು ಬರೇ ಹರನ ಕರದ್ರ ಆತ ಮದುವಿಗೆ ಅರ್ಧಾನೇ ಬಂದಾನು!" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಮಲಳಿಗೆ ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಂತು. ನನಗೆ ಒಂದು ಮಸಿಕುಡಿಕೆ, ಒಂದು ಲೇಖನಿ. ಮಧ್ಯಾಹ್ನವಿಡೀ ಕೂತು ಐನೂರು ಪತ್ರಿಕೆಗಳ ಐನೂರು ರ ತಲೆಯ ಮೇಲೆ ಗುಡಿಸು ಬರೆದೆ. ಕಮಲ ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿ, "ಇದು ಆತು", "ಇದು ಆತು" ಎಂದು ಆಚೆ ಇಡುತ್ತಿದ್ದಳು. ಎರಡನ್ನು ಸರಿಯಾಗಿಲ್ಲವೆಂದು ವಾಪಸು ಕೊಟ್ಟಳು. ನನ್ನ ಮಾಸ್ತರರು ಇದ್ದು ನೋಡಿದ್ದರೆ, ಕೊನೆಗೂ ಸರಿಯಾಗಿ ಗುಡಿಸಿದ ಎನ್ನುತ್ತಿದ್ದರು.

ಸಂಜೆಯ ರೈಲು ಹತ್ತಿದೆವು. ಎದುರು ಸೀಟಿನಲ್ಲಿ ಎಲೆಯಡಿಕೆ ಹಾಕಿಕೊಂಡ ಒಬ್ಬ ಮುದುಕಿ. ಗಿರಿಜಕ್ಕ ಕೊಟ್ಟ ಪೆಪ್ಪರಮಿಂಟು ನನ್ನ ಜೇಬಿನಲ್ಲಿತ್ತು. ಕಮಲ ಕೈ ಹಾಕಿ ತೆಗೆದಾಗ ಅದರ ಜೊತೆ ಚೀಟಿಯೂ ಬಂತು. ನಾನು ಕಸಿದುಕೊಳ್ಳುವಷ್ಟರಲ್ಲಿ ಬಿಡಿಸಿದ್ದಳು. "ಕ, ಮ, ಲ" ಎಂದು ತನ್ನ ಹೆಸರು ಕಂಡು ಅರಳಿದಳು. ಮುಂದಕ್ಕೆ ಬೆರಳು ಸರಿಸಿದಳು. "ಪಾಠ" ಎಂಬುದು ಪುಸ್ತಕದ ಪ್ರತಿ ಪುಟದ ಮೇಲೂ ಇದ್ದ ಮಾತು, ಅದು ಬಹಳ ಸುಲಭವಾಗಿ ಬಂತು. ಪೂರ್ತಿ ಕೂಡಿಸಿ, "ಕಮಲಂದು ಬರೇ ಬಾಯಿಪಾಠ" ಎಂದು ಓದಿದಳು. ನಾನು ಬರೆದದ್ದು ಕಮಲಳದು, ಅವಳು ಓದಿದ್ದು ಕಮಲಂದು. ನಾನು ಬರೆದದ್ದು ಬರೀ, ಅವಳು ಓದಿದ್ದು ಬರೇ. ಟೀಚರಮ್ಮ ಹೇಳಿದ್ದು ಆಗ ನನಗೆ ಅರ್ಥವಾಯಿತು. ಈ ಸಾಲನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೇ ಸಾಲಿನ ತುಂಬ ಒತ್ತಕ್ಷರಗಳಿದ್ದದ್ದು ನನ್ನ ಪುಣ್ಯ, ಅದು ಅವಳಿಗೆ ಬರಲಿಲ್ಲ.

"ಯಾರಪ್ಪಾ ಇದನ್ನ ಬರದಿದ್ದು?" ಎಂದಳು. ಪೆಪ್ಪರಮಿಂಟು ಇನ್ನೂ ಕೈಯಲ್ಲೇ ಇತ್ತು, ಬಾಯಿಗೆ ಹೋಗಿರಲಿಲ್ಲ.

ನಾನು ಎಷ್ಟೋ ಜನರ ತಪ್ಪುಗಳನ್ನು ಹಿಡಿದು ಹಲ್ಲು ಕಿರಿದವನು. ಆ ಕ್ಷಣದಲ್ಲಿ ಆದಷ್ಟು ನಾಚಿಕೆ ನನಗೆ ಹಿಂದೆ ಆಗಿರಲಿಲ್ಲ. "ಅದರಲ್ಲಿ ಒಂದು ತಪ್ಪು ಬಿದ್ದಿದೆ ಕಮಲಾ, ಕೊಡು" ಎಂದು ಪೆನ್ಸಿಲು ತೆಗೆದೆ. ಕರಡು ತಿದ್ದುವ ಹಾಗೆಯೇ 'ಕಮಲಳದು' ಎಂಬುದನ್ನು ಹೊಡೆದುಹಾಕಿ, ಅಂಚಿಗೆ ಗೆರೆ ಎಳೆದು 'ಅಪ್ಪನದು' ಎಂದು ಬರೆದೆ. ಎರಡನೇ ಸಾಲನ್ನು ಪೂರ್ತಿ ಕಾಟು ಹಾಕಿದೆ.

ಅವಳು ಇಸಿದುಕೊಂಡು, "ಅ, ಪ" ಎಂದು ನಿಂತಳು. "ಪ ಕೆಳಗ ಒಂದು ಮರಿ ಪ ಐತೆ."

"ಅದು ಒತ್ತು. ಎರಡೂ ಪ ಕೂಡಿಸಿ ಒತ್ತಿ ಹೇಳಬೇಕು. ಅಪ್ಪ."

"ಇದು ಒಂದನೇ ಕ್ಲಾಸಿನಾಗ ಇಲ್ಲ" ಎಂದಳು ನನ್ನ ಮುಖವನ್ನೇ ನೋಡುತ್ತ.

"ಇಲ್ಲ. ಎರಡನೇ ಕ್ಲಾಸಿನದು" ಎಂದೆ.

ಕಮಲ ಸೀಟಿನ ಮೇಲೆ ಎದ್ದು ನಿಂತು, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಡಬ್ಬಿಗೆ ಕೇಳುವಂತೆ, "ಅಪ್ಪಂದು ಬರೇ ಬಾಯಿಪಾಠ!" ಎಂದು ಓದಿದಳು. ಮುದುಕಿ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದಳು. ಓದಿ ಮುಗಿದ ಮೇಲೆ ಕಮಲ ಚೀಟಿಯನ್ನು ನನಗೆ ಚಾಚಿ, "ಸೈ ಹಾಕು" ಎಂದಳು. ನಾನು ಕೆಳಗೆ 'ಸರಿಯಿದೆ' ಎಂದು ಬರೆದು ರುಜು ಹಾಕಿದೆ.

ಅವಳು ಅದರ ಮೇಲೂ ಬೆರಳಾಡಿಸಿದಳು. "ಸರಿ ಐತೆ" ಎಂದು ಓದಿದಳು.

ನಾನು ತಿದ್ದಲಿಲ್ಲ. ಅವಳು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದಳು. ದಾವಣಗೆರೆ ಹತ್ತಿರ ಬರುವಾಗ ಚೀಟಿಯನ್ನು ಮೆಲ್ಲಗೆ ಬಿಡಿಸಿ, 'ಸರಿಯಿದೆ' ಎಂಬುದರ ಮೇಲೆ ಬೆರಳಿಟ್ಟು, ಇನ್ನೊಮ್ಮೆ ನೋಡಿದೆ. ರ ಮೇಲೆ ಗುಡಿಸು ಇತ್ತು.